ಜಗದಾಂಬಾ ಹೊರಗೆ, ಷೇರು ಮೇಲೆ

೧

ಈ ಕಥೆಯನ್ನು ಬಾಗಿಲ ಒಳಗಿನಿಂದ ಶುರು ಮಾಡಬೇಕೋ ಹೊರಗಿನಿಂದಲೋ ನನಗಿನ್ನೂ ಗೊತ್ತಾಗಿಲ್ಲ. ಒಳಗಿನಿಂದ ಅಂದರೆ ಗಂಗಾಧರಯ್ಯನವರ ಪಕ್ಷ ವಹಿಸಿದೆ ಅಂತೀರಿ. ಹೊರಗಿನಿಂದ ಅಂದರೆ ಜಗದಾಂಬಾ ಅವರ ಪಕ್ಷ. ಹಾಳಾಗಲಿ, ಮಧ್ಯದಿಂದ ಶುರು ಮಾಡೋಣ ಅಂದರೆ ಮಧ್ಯದಲ್ಲಿ ಒಂದು ಬೀಗವಿದೆ, ಜಗಳವೆಲ್ಲ ಅದರದ್ದೇ.

ಮೊದಲ ಕರಡು ಹೀಗಿತ್ತು: "ಬಸವೇಶ್ವರನಗರದ ಮೇಲೆ ಹೊಂಬಿಸಿಲು ಹಬ್ಬಿತ್ತು. ಹೂ ಬಿಟ್ಟ ಮರದ ನೆರಳಲ್ಲಿ ಆ ಮನೆ..."

(ಹರಿದು ಹಾಕಿದೆ. ಆ ಮನೆಯ ಮುಂದೆ ಹೂ ಬಿಟ್ಟ ಮರವಿಲ್ಲ. ಟ್ರಾನ್ಸ್‌ಫಾರ್ಮರ್ ಇದೆ. ಅದರ ನೆರಳಲ್ಲಿ ಯಾರೂ ನಿಲ್ಲುವುದಿಲ್ಲ, ನಾಯಿ ಕೂಡ.)

೨

ಎರಡನೆಯ ಕರಡಿನಲ್ಲಿ ಶೈಲಿ ಗೀಲಿ ಎಲ್ಲ ಬಿಟ್ಟು ನೇರವಾಗಿ ಹೇಳಿಬಿಡುತ್ತೇನೆ.

ಗಂಗಾಧರಯ್ಯ ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರು. ಸರ್ವಿಸ್‌ನಲ್ಲಿದ್ದಾಗ ಇವರ ಜೀಪು ಕಂಡರೆ ಅಂಗಡಿಗಳ ತಕ್ಕಡಿಗಳು ತಾವಾಗಿಯೇ ಸರಿಯಾಗುತ್ತಿದ್ದವಂತೆ. (ಅವರೇ ಹೇಳಿದ್ದು. ನಾನು ತಕ್ಕಡಿಗಳನ್ನು ಕೇಳಿಲ್ಲ.) ಜಗದಾಂಬಾ ಅವರ ಹೆಂಡತಿ. ಈ ಕ್ಷಣದಲ್ಲಿ ಅವರು ತಮ್ಮದೇ ಮನೆಯ ಮೆಟ್ಟಿಲ ಮೇಲೆ ಮೆಂತ್ಯಸೊಪ್ಪಿನ ಚೀಲ ಹಿಡಿದು ನಿಂತಿದ್ದಾರೆ. ಬಾಗಿಲು ತೆರೆಯುತ್ತಿಲ್ಲ. ಬಾಗಿಲಿಗಿರುವುದು ದ್ವಾರಪಾಲ್ ಎಂಬ ಕಂಪನಿಯ ಹೊಸ ಬೀಗ, ಮುಖ ನೋಡಿ ತೆರೆಯುವಂಥದ್ದು. ಜಗದಾಂಬಾ ಮುಖ ತೋರಿಸಿದಾಗಲೆಲ್ಲ ಅದು ವಾರ್ತೆ ಓದುವ ದನಿಯಲ್ಲಿ, "ಕ್ಷಮಿಸಿ, ನಿಮ್ಮ ಪರಿಚಯವಿಲ್ಲ" ಅನ್ನುತ್ತಿದೆ.

ಒಳಗೆ ಗಂಗಾಧರಯ್ಯ ಕೋಟು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಅದೇ ದ್ವಾರಪಾಲ್ ಕಂಪನಿಯ ವಾರ್ಷಿಕ ಸಭೆ ಆನ್‌ಲೈನ್‌ನಲ್ಲಿ ನಡೆಯುತ್ತಿದೆ. ಇವರು ಷೇರುದಾರರು. ನಿವೃತ್ತಿಯ ದುಡ್ಡಿನಲ್ಲಿ ಒಂದು ಭಾಗ ಹಾಕಿದ್ದಾರೆ, ಅದು ಏರುತ್ತಲೇ ಇದೆ. ಸಭೆಯಲ್ಲಿ ಮಾತಾಡುವುದಕ್ಕೆ ಮೊದಲೇ ಹೆಸರು ಕೊಟ್ಟಿದ್ದಾರೆ. ಈಗಲೋ ಇನ್ನೊಂದು ಗಳಿಗೆಗೋ ಕರೆಯುತ್ತಾರೆ. ಕರೆದಾಗ ಇಲ್ಲದಿದ್ದರೆ ಸರದಿ ಮುಂದಿನವರಿಗೆ ಹೋಗಿಬಿಡುತ್ತದೆ, ಮತ್ತೆ ಮುಂದಿನ ವರ್ಷವೇ.

ಇನ್ನೊಂದು ಮಾತು. ಒಳಗಿನಿಂದ ಆ ಬಾಗಿಲಿಗೆ ಮುಖ ಬೇಕಿಲ್ಲ, ಹಿಡಿ ತಿರುಗಿಸಿದರೆ ಸಾಕು. ಹಾಗಾಗಿ ಇಡೀ ಕಥೆ ಇಷ್ಟೇ: ಗಂಗಾಧರಯ್ಯ ಕುರ್ಚಿಯಿಂದ ಏಳುತ್ತಾರೋ ಇಲ್ಲವೋ.

(ಇಷ್ಟಕ್ಕೆ ಇಷ್ಟುದ್ದ ಯಾಕೆ ಅಂತ ಕೇಳಬೇಡಿ. ಒಂದೇ ಸಾಲಿನ ಕಥೆಗೆ ಯಾವ ಪತ್ರಿಕೆಯೂ ಗೌರವಧನ ಕೊಡುವುದಿಲ್ಲ.)

೩

"ಅದು ಯಾಕೆ ಗುರುತು ಹಿಡಿಯಲ್ಲ ಅಂತ ಬರಿಯಪ್ಪ. ಇಲ್ಲಾಂದ್ರೆ ಓದೋರು ನನ್ನ ಮುಖಾನೇ ಸರಿ ಇಲ್ಲ ಅನ್ಕೋತಾರೆ" ಎಂದರು ಜಗದಾಂಬಾ. ಹೇಳಿದ್ದು ನನಗೆ.

ಬರೆಯುತ್ತೇನೆ ಆಂಟಿ.

ಇವರದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವವರೆಗೆ ಕಾಫಿಯನ್ನೂ ಮುಟ್ಟದ ಮನೆ. ಬೀಗ ಕೂಡಿಸುವವನು ಬಂದದ್ದು ಸರಿಯಾಗಿ ಆ ಹೊತ್ತಿಗೆ. "ಸಾರ್, ಬೇಗ ಮುಖ ಕೊಡಿ, ಕೆಂಗೇರೀಲಿ ಇನ್ನೊಂದ್ ಮನೆ ಇದೆ" ಅಂದ. ಬೇರೆ ಯಾರಾದರೂ ಆಗಿದ್ದರೆ ತಲೆ ಬಾಚಿ, ಪೌಡರ್ ಹಚ್ಚಿ ನಿಲ್ಲುತ್ತಿದ್ದರು. ಇವರು ಪೂಜೆಯಿಂದ ಎದ್ದು ಬಂದವರು ಹಾಗೇ ನಿಂತರು. ಗಂಗಾಧರಯ್ಯನವರ ಹಣೆಯ ಮೇಲೆ ಮೂರು ದಪ್ಪ ಪಟ್ಟೆ, ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ. ಜಗದಾಂಬಾ ಹಣೆಯಲ್ಲೂ ವಿಭೂತಿ, ಜೊತೆಗೆ ಒದ್ದೆ ತಲೆಗೆ ಸುತ್ತಿದ ಟವೆಲ್. ಬೀಗ ಅದನ್ನೇ ಇವರ ನಿಜವಾದ ಮುಖ ಅಂತ ಮನಸ್ಸಿಗೆ ತೆಗೆದುಕೊಂಡಿತು.

ಅವತ್ತು ಸಂಜೆಯಿಂದಲೇ ಪಜೀತಿ. ಬಿಸಿಲಿಗೆ ವಿಭೂತಿ ಅಳಿಸಿದ ಮುಖ ಅದಕ್ಕೆ ಬೇರೆಯವರ ಮುಖ. ಹಾಗಾಗಿ ಗಂಗಾಧರಯ್ಯ ಅಂಗಿ ಜೇಬಿನಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ಓಡಾಡತೊಡಗಿದರು. ಜಗದಾಂಬಾ ತರಕಾರಿ ಚೀಲದಲ್ಲಿ ಒಂದು ಟವೆಲ್ ಇಟ್ಟುಕೊಂಡರು. ಗಂಡ ಹೆಂಡತಿ ತಮ್ಮ ಮನೆಯ ಬಾಗಿಲ ಮುಂದೆ ನಿಂತು ಅಲಂಕಾರ ಮಾಡಿಕೊಂಡು ಒಳಗೆ ಹೋಗುವುದನ್ನು ನೋಡಲು ಬೀದಿಯವರು ಕಾಫಿ ಲೋಟ ಹಿಡಿದು ಬರುತ್ತಿದ್ದರು.

ಹೇಗೋ ನಡೆಯುತ್ತಿತ್ತು. ಮೊನ್ನೆ ಒಂದು ಅಪ್‌ಡೇಟ್ ಬಂತು. ಅಲ್ಲಿಂದಾಚೆಗೆ ಟವೆಲ್ ಸುತ್ತಿದರೂ ಜಗದಾಂಬಾ ಪರಿಚಯ ಅದಕ್ಕಿಲ್ಲ. ಹೊಸ ಮುಖ ಕೊಡೋಣ ಅಂದರೆ ಆ್ಯಪ್, "ಮೊದಲು ಹಳೆಯ ಮುಖ ತೋರಿಸಿ" ಅನ್ನುತ್ತದೆ. ತೋರಿಸಿದರೆ ಪರಿಚಯವಿಲ್ಲ.

(ತುರ್ತಿಗೆ ಒಂದು ಕೀಲಿ ಕೊಟ್ಟಿಲ್ಲವೇ ಎಂದು ಕೇಳುವ ಜಾಣ ಓದುಗರಿಗೆ: ಕೊಟ್ಟಿದ್ದಾರೆ. ಬೀರುವಿನಲ್ಲಿ ಭದ್ರವಾಗಿದೆ. ಬೀರು ಒಳಗಿದೆ.)

೪

ಈಗ ಇಲ್ಲಿ ಷೇರು ಮಾರುಕಟ್ಟೆಯ ಬಗ್ಗೆ ಒಂದು ಗಂಭೀರ ಚರ್ಚೆ ಬರಬೇಕು. ನಾನು ಎರಡು ಪುಟ ಬರೆದೆ, ಮೌಲ್ಯ ಅಂದರೇನು, ಬೆಲೆ ಅಂದರೇನು ಎಂದೆಲ್ಲ. ಓದಿ ನೋಡಿದರೆ ನನಗೇ ಆಕಳಿಕೆ ಬಂತು. ಅದರ ಬದಲು ಪಾರ್ಕಿನ ಬೆಂಚಿನ ಮೇಲೆ ನಡೆದದ್ದನ್ನು ಕೊಡುತ್ತೇನೆ. ಎದುರು ಮನೆಯ ನಾಗಭೂಷಣ್, ರಾಜಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಹಿತ್ತಾಳೆ ಬೀಗ ಮಾರುವವರು.

"ಅಲ್ಲಾ ಗಂಗಾಧರಯ್ಯನೋರೆ, ಆ ಕಂಪ್ನಿಗೆ ಒಂದು ವರ್ಷನಾದ್ರೂ ಲಾಭ ಬಂದಿದ್ಯಾ?"

"ಬಂದಿಲ್ಲ. ಬರುತ್ತೆ."

"ನನಗೆ ಪ್ರತಿ ಬೀಗಕ್ಕೂ ಲಾಭ ಬರುತ್ತೆ. ನನ್ನನ್ಯಾಕೆ ಯಾರೂ ಕೊಳ್ಳಲ್ಲ?"

"ನೀವು ಬೀಗ ಮಾರ್ತೀರ ನಾಗಭೂಷಣ್. ಅವರು ಭವಿಷ್ಯ ಮಾರ್ತಾರೆ."

"ಭವಿಷ್ಯ ಒಳಗಿದೆ, ನಾನು ಹೊರಗಿದೀನಿ" ಎಂದರು ಜಗದಾಂಬಾ.

(ಅವರು ಆವತ್ತು ಪಾರ್ಕಿನಲ್ಲಿ ಇರಲೇ ಇಲ್ಲ. ಮೆಟ್ಟಿಲ ಮೇಲಿಂದ ಕೂಗಿ ಸೇರಿಸಿದರು. ಚೆನ್ನಾಗಿದೆ ಅಂತ ಬಿಟ್ಟಿದ್ದೇನೆ.)

ಅಷ್ಟಕ್ಕೇ ಬಿಡಲಿಲ್ಲ ಅವರು. ಬಾಗಿಲು ತಟ್ಟುತ್ತಲೇ ಒಳಗಿದ್ದ ಗಂಡನಿಗೆ ಕೇಳುವ ಹಾಗೆ ಹೇಳಿದರು: "ರೀ, ಅಂಗಡಿಯವನ ತಕ್ಕಡಿ ಒಂಚೂರು ವಾಲಿದ್ರೆ ಸೀಜ್ ಮಾಡ್ತಿದ್ರಿ. ಎಷ್ಟು ಜನ ಕಾಲಿಗೆ ಬಿದ್ರೂ ಬಿಡ್ತಿರಲಿಲ್ಲ. ಈಗ ಹೆಂಡ್ತಿ ಹೊರಗೆ ನಿಂತಿದ್ರೂ ಬೀಗ ಸರಿ ಇದೆ ಅಂತೀರಲ್ಲ. ಒಂದು ಕಂಪ್ಲೇಂಟ್ ಕೊಡೋಕ್ಕೇನ್ರಿ ನಿಮಗೆ?"

"ಕಂಪ್ಲೇಂಟ್ ಕೊಟ್ರೆ ಕಂಪ್ನಿ ವರದಿ ಲೆಕ್ಕಕ್ಕೆ ಹೋಗುತ್ತೆ ಕಣೇ. ಷೇರು ಬೀಳುತ್ತೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿಹಾಕ್ಕೊಳ್ಳೋದಾ? ಸ್ವಲ್ಪ ತಡಿ, ನನ್ನ ಸರದಿ ಬರ್ತಾ ಇದೆ."

೫

ಇಲ್ಲಿ ಗಂಗಾಧರಯ್ಯ ಮೈಕನ್ನು ಮ್ಯೂಟ್ ಮಾಡಿ ನನ್ನ ಕಡೆ ತಿರುಗಿದರು.

"ನೋಡಪ್ಪ, ಈ ಟವೆಲ್ ವಿಷಯ ಎಲ್ಲ ಬರೀಬೇಡ. ಮಾರ್ಕೆಟ್ ತೆಗೆದಿರೋ ಹೊತ್ತು."

"ಸಾರ್, ಇದು ಕಲ್ಪಿತ ಕಂಪನಿ. ನಾನೇ ಹುಟ್ಟಿಸಿದ್ದು."

"ಹಾಗಿದ್ರೆ ಇನ್ನೂ ಅಪಾಯ. ಮಾರ್ಕೆಟ್ ನಡೀತಿರೋದೇ ಕಲ್ಪನೆ ಮೇಲೆ."

ನನಗೆ ಸಿಟ್ಟು ಬಂತು. ಒಬ್ಬ ಪಾತ್ರ ತನ್ನ ಷೇರಿಗೋಸ್ಕರ ನನ್ನ ಪ್ಯಾರಾ ಕತ್ತರಿಸಲು ಬಂದರೆ ಯಾವ ಲೇಖಕನಿಗೆ ಬರುವುದಿಲ್ಲ? ಎದ್ದು ಬಾಗಿಲು ತೆಗೀರಿ ಸಾರ್, ಒಂದು ನಿಮಿಷದ ಕೆಲಸ ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೋಟಿನೊಳಗೆ ಸೆಕೆ, ಹಣೆಯಲ್ಲಿ ಬೆವರು. ಕರ್ಚೀಫಿನಲ್ಲಿ ಹಣೆಯನ್ನೂ ಗಸಗಸ ಒರೆಸಿಕೊಂಡರು.

"ನಿನಗೆ ಗೊತ್ತಿಲ್ಲಪ್ಪ. ಸರ್ವಿಸ್ ಪೂರ್ತಿ ಇನ್ನೊಬ್ಬರ ಸಾಮಾನು ತೂಕ ಸರಿ ಇದ್ಯಾ ಅಂತ ನೋಡಿದೀನಿ. ನನ್ನದು ಅಂತ ಏನೂ ಏರಲಿಲ್ಲ. ಸೈಟ್ ತಗೊಂಡೆ, ಅದರ ಮೇಲೆ ಕೇಸ್ ಬಂತು. ಚಿನ್ನ ತಗೊಂಡ ದಿನಾನೇ ರೇಟ್ ಇಳೀತು. ಹುಟ್ಟಿದಾಗಿನಿಂದ ನಾನು ಸರಿಯಾಗಿ ಆರಿಸಿದ್ದು ಇದೊಂದೇ."

ಬಾಗಿಲು ತಟ್ಟುವ ಸದ್ದು ನಿಂತಿತು.

"ಇದೊಂದೇನಾ?" ಹೊರಗಿನಿಂದ.

ಗಂಗಾಧರಯ್ಯನವರ ಮುಖ ನೋಡಬೇಕಿತ್ತು ನೀವು. ಸರಿಮಾಡಲು ಹೋಗಿ ಇನ್ನೂ ಕೆಡಿಸಿದರು: "ನಿನ್ನ ನಾನು ಆರಿಸಿದ್ದಲ್ಲ ಕಣೇ, ನಮ್ಮಪ್ಪ ಆರಿಸಿದ್ದು."

(ನಾನು ಬರೆದ ಮಾತಲ್ಲ ಇದು. ನಾನಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದೆ.)

ಜಗದಾಂಬಾ ಬೈದಿದ್ದರೆ ಆಗುತ್ತಿತ್ತು, ಬೈಯಲಿಲ್ಲ. ಇಷ್ಟು ಹೊತ್ತೂ ತಮಾಷೆಯಾಗಿ ಬರೆದುಕೊಂಡು ಬಂದ ನನಗೂ ಭಯವಾಯಿತು.

೬

ಭಯವಾದಾಗ ನಾನು ಪರ್ಯಾಯ ಅಂತ್ಯಗಳನ್ನು ಬರೆಯುತ್ತೇನೆ.

ಅಂತ್ಯ ಅ: ಗಂಗಾಧರಯ್ಯ ತಟ್ಟನೆ ಎದ್ದು ಬಾಗಿಲು ತೆರೆಯುತ್ತಾರೆ. ಕ್ಷಮೆ, ಕಾಫಿ, ಶುಭಂ. ಜಗದಾಂಬಾ ಇದನ್ನು ಓದಿ ಪಕ್ಕಕ್ಕಿಟ್ಟರು. "ಇವರು ಹಾಗೆಲ್ಲ ಏಳೋರಲ್ಲ. ನಂಗೇ ನಂಬಿಕೆ ಬರ್ತಿಲ್ಲ, ಓದೋರಿಗೆ ಎಲ್ಲಿಂದ ಬರುತ್ತೆ?"

ಅಂತ್ಯ ಆ: ಜಗದಾಂಬಾ ಆಟೋ ಹತ್ತಿ ಅತ್ತಿಗುಪ್ಪೆಯ ತಂಗಿಯ ಮನೆಗೆ ಹೊರಟುಹೋಗುತ್ತಾರೆ, ಮತ್ತೆ ಬರುವುದಿಲ್ಲ. ಆಟೋ ಬೀದಿಯ ತಿರುವು ದಾಟುವವರೆಗೂ ಬರೆದಿದ್ದೆ. ಅವರೇ ನಿಲ್ಲಿಸಿ ಇಳಿದು ಬಂದರು. "ನಾನ್ಯಾಕಪ್ಪ ಹೋಗ್ಲಿ? ಈ ಮನೆ ಕಟ್ಟುವಾಗ ಗೋಡೆಗೆ ನೀರು ಹಾಕಿದೋಳು ನಾನು."

ಅಂತ್ಯ ಇ: ಸುದ್ದಿ ಹೊರಬಿದ್ದು ದ್ವಾರಪಾಲ್ ಷೇರು ನೆಲ ಕಚ್ಚುತ್ತದೆ, ನ್ಯಾಯ ಗೆಲ್ಲುತ್ತದೆ. ಇದಕ್ಕೆ ಇಬ್ಬರೂ ಒಪ್ಪಲಿಲ್ಲ. ಜಗದಾಂಬಾ ಕೂಡ. "ಆ ದುಡ್ಡು ನಂದೂ ಹೌದು" ಎಂದರು.

೭

ಸಭೆ ಸಾಗುತ್ತಿದೆ. ತೆರೆಯ ಮೇಲೆ ಕಂಪನಿಯ ಅಧ್ಯಕ್ಷ ಸುಘೋಷ್, ಕಾಲರ್ ಇಲ್ಲದ ಟೀಶರ್ಟಿನಲ್ಲಿ. ಇಂಥ ಸಭೆ ನೀವು ನೋಡಿಲ್ಲದಿದ್ದರೆ ಹೇಳಿಬಿಡುತ್ತೇನೆ: ಸಣ್ಣ ಷೇರುದಾರರು ಒಬ್ಬೊಬ್ಬರಾಗಿ ಬಂದು ಅಧ್ಯಕ್ಷರನ್ನು ಹೊಗಳುತ್ತಾರೆ. ಪ್ರಶ್ನೆ ಕೇಳುವುದಕ್ಕೆಂದೇ ಇರುವ ಹೊತ್ತು ಅದು, ಆದರೆ ಕೇಳುವವರು ಕಡಿಮೆ. ಒಬ್ಬರು ವಾರ್ಷಿಕ ವರದಿಯ ಕಾಗದ ನುಣುಪಾಗಿದೆ ಎಂದರು. ಇನ್ನೊಬ್ಬರು ಫ್ಯಾಕ್ಟರಿ ತೋರಿಸಿ, ಊಟ ಹಾಕಿಸಿ ಎಂದರು. ಮತ್ತೊಬ್ಬರು ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸಿ ಅಂದರು. ಸುಘೋಷ್ ಎಲ್ಲದಕ್ಕೂ ಕೈಮುಗಿದರು.

"ಮುಂದಿನವರು, ಬೆಂಗಳೂರಿನಿಂದ ಗಂಗಾಧರಯ್ಯ ಅವರು."

ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡರು. "ಸಭಾಧ್ಯಕ್ಷರಿಗೆ ನಮಸ್ಕಾರ. ನಾನು ಕನ್ನಡದಲ್ಲೇ ಮಾತಾಡ್ತೀನಿ. ತಮ್ಮ ಸಮರ್ಥ ನೇತೃತ್ವದಲ್ಲಿ ನಮ್ಮ ಕಂಪನಿ..."

ವಾರದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ ಮಾತು. ಜಗದಾಂಬಾಗೂ ಬಾಯಿಪಾಠವಾಗಿತ್ತು. ಆದರೆ ಮಾತು ಅಲ್ಲಿಗೆ ನಿಂತಿತು. ಗಂಗಾಧರಯ್ಯ ಕಿವಿಗೊಟ್ಟು ಕೇಳುತ್ತಿದ್ದರು. ಬಾಗಿಲ ಕಡೆಯಿಂದ ಏನೂ ಇಲ್ಲ. ತಟ್ಟುವುದಿಲ್ಲ, ಕೂಗುವುದಿಲ್ಲ, ಬಳೆಯ ಸದ್ದು ಕೂಡ ಇಲ್ಲ.

"ಜಗದಾ?" ಎಂದರು, ಮೈಕಿನಲ್ಲೇ.

"ಹಲೋ ಸಾರ್, ಕೇಳಿಸ್ತಾ ಇದ್ಯಾ?" ಎಂದರು ಸುಘೋಷ್.

"ಕೇಳಿಸ್ತಿದೆ ಸಾರ್. ಒಂದ್ನಿಮಿಷ. ನನ್ನ ಹೆಂಡ್ತಿ ಹೊರಗಿದಾಳೆ. ನಿಮ್ಮ ಬೀಗಕ್ಕೆ ಅವಳ ಪರಿಚಯ ಇಲ್ಲವಂತೆ. ನನಗಿದೆ."

ಎದ್ದರು.

(ನನ್ನಾಣೆ, ನಾನು ಎಬ್ಬಿಸಲಿಲ್ಲ. ಈ ಪ್ಯಾರಾದಲ್ಲಿ ಅವರು ಹೊಗಳುವ ಭಾಷಣ ಮುಗಿಸುವುದಿತ್ತು.)

೮

ಹಿಡಿ ತಿರುಗಿಸಿದರು. ಬಾಗಿಲು ತೆರೆಯಿತು. ಬಾಗಿಲ ಮುಂದೆ ಯಾರೂ ಇರಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಕೆಳಗಿಳಿದರು. ಜಗದಾಂಬಾ ಕಾಂಪೌಂಡ್ ಗೋಡೆಯ ಬದಿಗೆ, ಕೊನೆಯ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಟವೆಲ್ ಹಾಸಿಕೊಂಡು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು.

"ನಿಮ್ಮ ಭಾಷಣ ಮುಗೀತಾ?"

"ಇಲ್ಲ."

ಹಿಂದೆ ಬಾಗಿಲು ಮುಚ್ಚಿಕೊಂಡಿತು. ಭದ್ರತೆಗಾಗಿ ಅದು ತಾನಾಗಿಯೇ ಮುಚ್ಚುತ್ತದೆ, ಕಂಪನಿಯವರ ಜಾಹೀರಾತಿನಲ್ಲೇ ಇದೆ. ಗಂಗಾಧರಯ್ಯ ಮೇಲೆ ಓಡಿದರು, ಬೀಗಕ್ಕೆ ಮುಖ ತೋರಿಸಿದರು. ಕರ್ಚೀಫಿನಲ್ಲಿ ಒರೆಸಿದ್ದ ಹಣೆ ಬೋಳಾಗಿತ್ತು. ವಿಭೂತಿ ಗಟ್ಟಿ ಅಂಗಿ ಜೇಬಿನಲ್ಲಿತ್ತು, ಕೋಟಿಗೆಂದು ಬೇರೆ ಅಂಗಿ ತೊಡುವಾಗ ಅದನ್ನು ಬಿಚ್ಚಿ ಬಚ್ಚಲುಮನೆಯಲ್ಲಿ ನೇತುಹಾಕಿದ್ದರು.

"ಕ್ಷಮಿಸಿ, ನಿಮ್ಮ ಪರಿಚಯವಿಲ್ಲ" ಎಂದಿತು ಬೀಗ.

ಜಗದಾಂಬಾ ನಕ್ಕರು. ಮೊದಲು ಸೆರಗು ಬಾಯಿಗಿಟ್ಟುಕೊಂಡು, ಆಮೇಲೆ ಸೆರಗು ಬಿಟ್ಟು. ಒಳಗೆ ಲ್ಯಾಪ್‌ಟಾಪಿನಲ್ಲಿ ಸುಘೋಷ್ ದನಿ ಖಾಲಿ ಕುರ್ಚಿಯನ್ನು ಕೇಳುತ್ತಿತ್ತು, "ಗಂಗಾಧರಯ್ಯ ಸಾರ್, ಇದೀರಾ?" ಆಮೇಲೆ ಮುಂದಿನವರನ್ನು ಕರೆದರು. ಆ ಮುಂದಿನವರೂ ಸ್ವೀಟ್ ಬಾಕ್ಸ್ ಕೇಳಿದರು.

ಎದುರು ಮನೆಯ ಬಾಲ್ಕನಿಗೆ ನಾಗಭೂಷಣ್ ಫೋನ್ ಹಿಡಿದುಕೊಂಡು ಬಂದರು. "ಗಂಗಾಧರಯ್ಯನೋರೆ, ನಿಮ್ಮ ಷೇರು ಮತ್ತೆ ಏರಿದೆ ಕಣ್ರೀ."

"ಯಾಕಂತೆ?"

"ಯಾರಿಗೊತ್ತು."

೯

ಈಗ ನೀವು ಕೇಳುತ್ತೀರಿ: ಬೀಗ ತೆರೆಯಿತೇ, ಷೇರು ಮಾರಿದರೇ, ಕಂಪ್ಲೇಂಟ್ ಕೊಟ್ಟರೇ. ನಾನೂ ಅದನ್ನೇ ಕೇಳಲು ಮೆಟ್ಟಿಲ ಹತ್ತಿರ ಹೋದೆ. ಲೇಖಕನಾಗಿ ಇಷ್ಟಾದರೂ ಮಾಡಬಲ್ಲೆ, ಒಂದು ಸಾಲು ಬರೆದರೆ ಬಾಗಿಲು ತೆರೆಯುತ್ತದೆ, ಬರೆಯಲೇ ಆಂಟಿ ಅಂದೆ.

"ಈಗ ಬೇಡಪ್ಪ. ಈ ಕಟ್ಟು ಮುಗೀಲಿ" ಎಂದರು ಜಗದಾಂಬಾ.

ಗಂಗಾಧರಯ್ಯ ಕೋಟು ಬಿಚ್ಚಿ ಮಡಿಸಿ ಮೆಟ್ಟಿಲ ಮೇಲೆ ಹಾಸಿ, ಹೆಂಡತಿಗೆ ಅದರ ಮೇಲೆ ಕೂರಲು ಹೇಳಿದರು. ಆಕೆ ಕೂರಲಿಲ್ಲ, ಸೊಪ್ಪಿನ ಕಟ್ಟನ್ನು ಅದರ ಮೇಲಿಟ್ಟರು. ಗಂಗಾಧರಯ್ಯ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದರು, ಬಹಳ ಕೆಟ್ಟದಾಗಿ.

"ಕಡ್ಡಿ ಹಾಕ್ಬೇಡ್ರಿ."

"ಹೂಂ."

ಸೊಪ್ಪಿನಿಂದ ಕಣ್ಣೆತ್ತದೆ ಗಂಗಾಧರಯ್ಯ ಹೇಳಿದರು. "ಇದೊಂದೇ ಅಲ್ಲ ಕಣೇ."

ಜಗದಾಂಬಾ ಗಂಡನ ಕೈಯಲ್ಲಿದ್ದ ಕಡ್ಡಿ ಕಿತ್ತು ಬಿಸಾಡಿದರು. ಆಮೇಲೆ ನನ್ನ ಕಡೆ ನೋಡಿ, "ಸರ್ಕೊಳ್ರಿ, ಅವನೂ ಕೂತ್ಕೊಳ್ಳಲಿ. ಆಗ್ಲಿಂದ ನಿಂತೇ ಇದಾನೆ" ಎಂದರು. ಕೂತೆ. ಒಂದು ಕಟ್ಟು ನನ್ನ ಮಡಿಲಿಗೂ ಬಂತು. ಕೈಯಲ್ಲಿ ಸೊಪ್ಪು ಇಟ್ಟುಕೊಂಡು ಟೈಪ್ ಮಾಡಲಾಗುವುದಿಲ್ಲ, ಆದ್ದರಿಂದ