‘ಆ ಬಸ್ಸಲ್ಲಿದಾರೆ’ ಎಂದ ಅನಂತಲಕ್ಷ್ಮಿ

ಅನಂತಲಕ್ಷ್ಮಿಯವರ ಬಾಯಿಂದ ಭರವಸೆಯ ಒಂದು ಮಾತು ಹೊರಡಿಸುವುದು ಚಂದ್ರಾ ಲೇಔಟಿನಲ್ಲಿ ಯಾರಿಂದಲೂ ಆಗದ ಕೆಲಸವಾಗಿತ್ತು. ‘ನಾಳೆ ನೀರು ಬಿಡ್ತಾರಾ ಆಂಟಿ?’ ಎಂದು ಬಾಯಿಮಾತಿಗೆ ಕೇಳಿದರೂ ‘ಬಂದ್ಮೇಲೆ ಹೇಳ್ತೀನಿ’ ಎನ್ನುವರು. ಪಕ್ಕದ ಮನೆಯ ಜ್ಯೋತಿಲಕ್ಷ್ಮಿಯ ಗಂಡ ಆಸ್ಪತ್ರೆ ಸೇರಿದಾಗ ಇಡೀ ಬೀದಿ ‘ಏನೂ ಆಗಲ್ಲ ಬಿಡಿ’ ಎಂದು ಸಂತೈಸುತ್ತಿದ್ದರೆ, ಈಕೆ ಆಸ್ಪತ್ರೆಗೇ ಹೋಗಿ, ರೋಗಿಯನ್ನು ಕಣ್ಣಾರೆ ಕಂಡು ಬಂದು, ‘ಎದ್ದು ಕೂತಿದಾರೆ, ಇಡ್ಲಿ ತಿಂತಿದ್ರು. ಮುಂದಿಂದು ನಂಗೊತ್ತಿಲ್ಲ’ ಎಂದಿದ್ದರು. ಕಲ್ಲುಮನಸ್ಸಿನ ಹೆಂಗಸು ಎಂದು ಬೀದಿ ತೀರ್ಮಾನಿಸಿತು. ನಮ್ಮ ಬೀದಿಗೆ ತೀರ್ಮಾನಗಳ ಬರ ಎಂದೂ ಬಂದದ್ದಿಲ್ಲ.

ಎತ್ತರದ ಆಳು, ಹಿಂದೆ ಯಾರೋ ಬರುತ್ತಿದ್ದಾರೆಂಬಂತೆ ಆಗಾಗ ಹಿಂತಿರುಗಿ ನೋಡುವ ನಡಿಗೆ. ವಿಮಾನ ಕಂಪನಿಯೊಂದರಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ನೌಕರಿಯಲ್ಲಿದ್ದಾಗಿನ ನೀಲಿ ಕೋಟನ್ನು, ನೌಕರಿ ಬಿಟ್ಟ ಮೇಲೂ, ಚಳಿಗಾಲದಲ್ಲಿ ಸೀರೆಯ ಮೇಲೆ ತೊಡುತ್ತಿದ್ದರು. ಅದರ ಎಡತೋಳಿನಲ್ಲಿ ಬೆಂಕಿ ನಂದಿಸುವ ನೊರೆಯ ಬಿಳಿ ಕಲೆ ಹಾಗೇ ಉಳಿದಿತ್ತು.

ಆ ಕಲೆಯ ಕಥೆಯನ್ನು ಒಂದು ಮಧ್ಯಾಹ್ನ ಹುರುಳಿಕಾಯಿ ಸೋಸುತ್ತಾ ಅವರೇ ನನಗೆ ಹೇಳಿದರು. ವಿಮಾನ ನಿಲ್ದಾಣ ಇನ್ನೂ ಊರೊಳಗೇ ಇದ್ದ ದಿನಗಳು. ಇಳಿದ ವಿಮಾನವೊಂದರ ಚಕ್ರಕ್ಕೆ ಬೆಂಕಿ ತಗುಲಿ, ಎರಡೂ ಬದಿಯ ಬಾಗಿಲು ತೆರೆದು, ಜನ ಗಾಳಿ ತುಂಬಿದ ಜಾರುಬಂಡೆಗಳ ಮೇಲಿಂದ ಹುಲ್ಲಿಗೆ ಉರುಳಿದರು. ಅವರನ್ನು ಹೊಗೆ ಬಾರದ ದಿಕ್ಕಿಗೆ ನಡೆಸಿ, ಬ್ಯಾಗಿಗೆಂದು ಹಿಂದಿರುಗುವವರನ್ನು ತಡೆದು, ಬಸ್ಸು ಹತ್ತಿಸುವುದು ಅನಂತಲಕ್ಷ್ಮಿಯವರ ಹೊಣೆ. ಇಂಧನ ಸೋರುತ್ತಿತ್ತು. ಒಂದು ಬಸ್ಸು ಆಗಲೇ ತುಂಬಿ ಹೊರಟಿತ್ತು. ಎರಡನೆಯದಕ್ಕೆ ಎಲ್ಲರೂ ಹತ್ತಿದರೂ ಅನ್ನಪೂರ್ಣೇಶ್ವರಿ ನಗರದ ಲಕ್ಷ್ಮವ್ವ ಎಂಬ ಮುದುಕಿ ಬಸ್ಸಿನ ಬಾಗಿಲ ಕಂಬಿ ಹಿಡಿದು ನಿಂತುಬಿಟ್ಟರು. ನೂಕುನುಗ್ಗಲಿನಲ್ಲಿ ಅವರ ಗಂಡ ದುಂಡಪ್ಪ ವಿಮಾನದ ಇನ್ನೊಂದು ಬದಿಯ ಬಾಗಿಲಿಗೆ ಸರಿದುಹೋಗಿದ್ದರು.

‘ನಮ್ಮನಿಯವ್ರು ಬರ್ಲಿ. ಅಲ್ಲೀತನ ನಾ ಏರಂಗಿಲ್ಲ.’

ಅವರು ಹತ್ತದೆ ಬಸ್ಸು ಹೊರಡುವಂತಿಲ್ಲ. ಹೊರಡದಿದ್ದರೆ ಒಳಗಿದ್ದವರೆಲ್ಲರ ಪ್ರಾಣಕ್ಕೆ ಸಂಚಕಾರ. ಇಂಥ ಹೊತ್ತಿಗೆಂದೇ ಆ ಕೆಲಸದವರ ನಾಲಿಗೆಯ ತುದಿಯಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ.

‘ಆ ಬಸ್ಸಲ್ಲಿದಾರೆ ಅಮ್ಮ. ನಾನೇ ಕೈ ಹಿಡಿದು ಹತ್ತಿಸ್ದೆ. ಬನ್ನಿ.’

ಲಕ್ಷ್ಮವ್ವ ನಂಬಿ ಹತ್ತಿದರು. ದುಂಡಪ್ಪ ಆಚೆ ಮಗ್ಗುಲಿನ ಹುಲ್ಲಿನ ಮೇಲೆ ಎದೆ ಹಿಡಿದುಕೊಂಡು ಬಿದ್ದಿದ್ದರು; ಅಗ್ನಿಶಾಮಕದವರು ಕಾಣುವಷ್ಟರಲ್ಲಿ ಪ್ರಾಣ ಹೋಗಿತ್ತು. ವಾಕಿಟಾಕಿಯಲ್ಲಿ ಸುದ್ದಿ ಬಂದಾಗ, ನಿಲ್ದಾಣದ ಕೋಣೆಯಲ್ಲಿ ಲಕ್ಷ್ಮವ್ವ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟು ಗಂಡನಿಗೆ ಜಾಗ ಹಿಡಿದು ಕೂತಿದ್ದರು. ಮೇಲಧಿಕಾರಿ ಬಂದು, ಹೃದಯ ನಿಂತಿತೆಂದಷ್ಟೇ ಹೇಳಿದರು. ಎಲ್ಲಿ ಎಂದು ಹೇಳಲಿಲ್ಲ.

ತೀರಿಹೋದ ದುಂಡಪ್ಪನವರ ಹೆಸರಲ್ಲಿ ಮಾಡಿದ ಶಿವಗಣಾರಾಧನೆ ಮುಗಿದ ಮೇಲೆ ಅನಂತಲಕ್ಷ್ಮಿ ಲಕ್ಷ್ಮವ್ವನವರ ಮನೆಗೆ ಹೋದರು. ಲಕ್ಷ್ಮವ್ವ ಜಗಳವಾಡಲಿಲ್ಲ. ಹತ್ತಿರ ಕೂರಿಸಿಕೊಂಡು, ಗಂಡನನ್ನು ಕೊನೆಯದಾಗಿ ಹಿಡಿದ ಕೈಯೆಂದು ಅವರ ಕೈಯನ್ನು ಸವರುತ್ತಾ ಕೇಳಿದರು:

‘ಬಸ್ಸಿಗೆ ಹತ್ತಿಸೂ ಮುಂದ ಏನಂದ್ರವ್ವಾ? ನನ್ನ ಕೇಳಿದ್ರೇನು?’

ನಾನಾಗಿದ್ದರೆ ‘ಕೇಳಿದರು’ ಎಂದು ಹೇಳಿ, ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಅದರಿಂದ ಯಾರಿಗೆ ಏನು ನಷ್ಟವೆಂದು ನನಗೆ ಇಂದಿಗೂ ತಿಳಿದಿಲ್ಲ. ಅನಂತಲಕ್ಷ್ಮಿಯವರಿಂದ ಅದಾಗಲಿಲ್ಲ.

‘ನಾನು ಅವರನ್ನ ಹತ್ತಿಸ್ಲೇ ಇಲ್ಲ ಅಮ್ಮ. ಬಸ್ಸು ಹೊರಡ್ಬೇಕಿತ್ತು, ಅದಕ್ಕೆ ಹಾಗಂದೆ. ಅವರು ಆ ಕಡೆ ಹುಲ್ಲಿನ ಮೇಲೆ ಬಿದ್ದಿದ್ರಂತೆ.’

ಲಕ್ಷ್ಮವ್ವ ಕೈ ಬಿಟ್ಟರು. ‘ಹಂಗಾರ ಅವ್ರ ಬಾಜೂಕ ಯಾರೂ ಇದ್ದಿಲ್ಲ’ ಎಂದರು.

ಆಪತ್ತಿನಲ್ಲಿ ಜನರನ್ನು ಸಂಭಾಳಿಸುವವರ ಪಾಡೇ ಇದು. ಅವರ ಒಂದು ಮಾತಿನ ಮೇಲೆ ಬಸ್ಸು ತುಂಬ ಜನ ಬದುಕಿಕೊಂಡು ಮನೆ ಸೇರುತ್ತಾರೆ, ಉಣ್ಣುತ್ತಾರೆ, ಆ ಮಾತನ್ನೂ ಆಡಿದವರನ್ನೂ ಮರೆಯುತ್ತಾರೆ. ಮರೆಯುವುದು ಅವರ ಹಕ್ಕು. ಆ ಮಾತಿಗೆ ಮೋಸಹೋದ ಒಬ್ಬರು ಮಾತ್ರ, ಅದನ್ನಾಡಿದವರ ಜೊತೆಗೇ ಜೀವಮಾನವಿಡೀ ಉಳಿದುಬಿಡುತ್ತಾರೆ.