ತಮ್ಮನ ಬೆನ್ನಿನ ಬಣ್ಣ

ನಾನು ಬಾಯಿ ಜೋರಿನವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗಬಾರದ್ದು ಆದದ್ದಕ್ಕೆ ಅರ್ಧ ಕಾರಣ ನನ್ನ ಬಾಯಿ, ಇನ್ನರ್ಧ ನನ್ನ ಕಣ್ಣು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಜನರ ಬೆನ್ನಿಗೆ ಬಟ್ಟಲು ಹಾಕುತ್ತ ಬಂದಿದ್ದೇನೆ. ಈಗಿನವರು ಕಪ್ಪಿಂಗ್ ಎನ್ನುತ್ತಾರೆ, ಬೋರ್ಡಿನ ಮೇಲೂ ಹಾಗೇ ಬರೆಸಿದ್ದೇನೆ. ಅಪ್ಪನಿಂದ ಕಲಿತ ಕೆಲಸ. ಕಂಬಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಹೊತ್ತಿಸಿ, ಆ ಉರಿಯನ್ನು ಗಾಜಿನ ಬಟ್ಟಲೊಳಗೆ ಒಂದು ಸುತ್ತು ತಿರುಗಿಸಿ ತೆಗೆದು, ಬಟ್ಟಲನ್ನು ತಟ್ಟನೆ ಬೆನ್ನಿಗೆ ಬೋರಲು ಹಾಕಬೇಕು. ಒಳಗಿನ ಗಾಳಿ ತಣಿಯುತ್ತ ಚರ್ಮವನ್ನು ಮೇಲಕ್ಕೆಳೆದು ಹಿಡಿದುಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ತೆಗೆದರೆ ದುಂಡಗಿನ ಗುರುತು ಉಳಿಯುತ್ತದೆ. ಬಟ್ಟಲು ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು, ಗುರುತು ಓದುವುದೇ ವಿದ್ಯೆ ಎನ್ನುತ್ತಿದ್ದ ಅಪ್ಪ. ಬದನೆಕಾಯಿ ಬಣ್ಣ ಬಂದರೆ ಅಲ್ಲಿ ಕೆಟ್ಟ ರಕ್ತ ಕಟ್ಟಿಕೊಂಡಿದೆ. ವಾರವಾರ ಹಾಕುತ್ತ ಹೋದರೆ ಅದು ಕೆಂಪಾಗಬೇಕು, ಆಮೇಲೆ ತಿಳಿಗುಲಾಬಿಯಾಗಬೇಕು. ಗುಲಾಬಿಯಾಯಿತೆಂದರೆ ಗುಣವಾಯಿತು.

ಹಾಗಾಗಿ ನೋವು ಹೇಗಿದೆ ಎಂದು ನಾನು ಯಾರನ್ನೂ ಕೇಳುವವಳಲ್ಲ. ಕೇಳಿದರೆ ಸಾಕು, ಜನ ಸೊಸೆಯಿಂದ ಹಿಡಿದು ಬಾಡಿಗೆ ಮನೆಯವರೆಗೆ ಪುರಾಣ ಬಿಚ್ಚುತ್ತಾರೆ. "ಬಾಯಿ ಮುಚ್ಕೊಂಡು ಬೋರಲು ಮಲಕ್ಕೊಳ್ಳಿ, ನಿಮ್ಮ ಬೆನ್ನೇ ಹೇಳುತ್ತೆ" ಎನ್ನುತ್ತಿದ್ದೆ. ಬಟ್ಟಲು ತೆಗೆದ ಮೇಲೆ ನಾನೇ ಹೇಳುತ್ತಿದ್ದೆ, ಇಷ್ಟು ಕಮ್ಮಿಯಾಗಿದೆ, ಇನ್ನಿಷ್ಟು ಬಾಕಿಯಿದೆ ಅಂತ. ಹೌದೌದು ಎಂದು ತಲೆಯಾಡಿಸಿ ಹೋಗುತ್ತಿದ್ದರು. ಅದರಲ್ಲಿ ನನಗೆ ಎಷ್ಟು ಜಂಬವಿತ್ತು ಎಂಬುದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನನ್ನ ತಮ್ಮ ಬಡಗಿ. ಬಾಗಿಲು, ಕಿಟಕಿ ಮಾಡುತ್ತಾನೆ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ನನ್ನ ಸೊಂಟದ ಮೇಲೇ ಬೆಳೆದವನು. ನಾನು ಬೈದರೆ ನಗುತ್ತಾನೆ, ಇನ್ನೂ ಜೋರಾಗಿ ಬೈದರೆ ಇನ್ನೂ ಜೋರಾಗಿ ನಗುತ್ತಾನೆ. ಆ ವರ್ಷ ಬೇಸಿಗೆ ಶುರುವಿನಲ್ಲಿ ಒಂದು ದಿನ ಮರದ ಹುಡಿ ಮೆತ್ತಿದ ತಲೆಯಲ್ಲೇ ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ಬೆನ್ನಿನ ನಡುವೆ ಯಾರೋ ಉಳಿ ಇಟ್ಟು ಹೊಡೀತಿದ್ದಾರೆ ಕಣೆ."

"ದಿನವಿಡೀ ಬಗ್ಗಿ ಕೀಸುಳಿ ಹೊಡೆದ್ರೆ ಇನ್ನೇನಾಗುತ್ತೆ? ಅಂಗಿ ಬಿಚ್ಚು."

ಏಳು ಬಟ್ಟಲು ಹಾಕಿದೆ. ಏಳೂ ಬದನೆಕಾಯಿ. ಇಂಥ ಬೆನ್ನು ಸಿಕ್ಕಿದರೆ ನನಗೆ ಹುರುಪು. ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ವಾರಕ್ಕೊಂದು ಸಲ ಬರಬೇಕು, ತಪ್ಪಿಸಿದರೆ ಮನೆಗೇ ಬಂದು ಕಿವಿ ಹಿಂಡುತ್ತೇನೆ ಎಂದೆ. ಅವನು ಒಂದು ವಾರವೂ ತಪ್ಪಿಸಲಿಲ್ಲ.

ಪ್ರತಿ ಸಲವೂ ಫೋಟೋ ತೆಗೆದೆ, ಗುರುತು ಇಳಿಯುತ್ತ ಬಂತು. ಐದನೇ ವಾರಕ್ಕೆ ಕೆಂಪು. ಹತ್ತನೇ ವಾರಕ್ಕೆ ಗುಲಾಬಿ. ಹದಿನೈದನೇ ವಾರಕ್ಕೆ ಗುರುತು ಹುಡುಕಬೇಕು, ಅಷ್ಟು ತಿಳಿ. ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ತಿಳಿಯಾದ ಬೆನ್ನು ನಾನು ನೋಡಿರಲಿಲ್ಲ. ಮೊದಲನೆಯ ಫೋಟೋ, ಆ ವಾರದ ಫೋಟೋ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ನಂತರ'. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

"ನೋಡೋ, ಕೆಟ್ಟದ್ದೆಲ್ಲ ಹೋಯ್ತು. ನೋವು ಮುಕ್ಕಾಲು ಭಾಗ ಕಮ್ಮಿ ಆಗಿದೆ ನಿಂಗೆ" ಎಂದೆ.

"ಆಗಿದೆ ಅಕ್ಕ" ಎಂದ. ಅಂಗಿಯ ಗುಂಡಿ ಹಾಕುತ್ತ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತೇ ಇದ್ದ. "ಇಳಿದು ಹೋಗೋಕೆ ಉಸಿರು ಬರ್ಲಿ ಇರು."

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಾತು ಕಡಿಮೆ. ಆ ವಾರದಲ್ಲೇ ಅವಳು ಒಬ್ಬಳೇ ನನ್ನ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತಳು.

"ಅತ್ತಿಗೆ, ಅವರಿಗೆ ಊಟ ಸೇರ್ತಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬ್ತು ಅಂತಾರೆ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಮಾಡಿಕೊಂಡಿದಾರೆ, ಈಗ ಅದೂ ಸಾಲ್ತಿಲ್ಲ. ಒಂದ್ಸಲ ಆಸ್ಪತ್ರೆಗೆ ತೋರಿಸೋಣ್ವಾ?"

ನನಗೆ ಎಲ್ಲಿತ್ತೋ ಸಿಟ್ಟು. "ತೋರಿಸಮ್ಮ, ಧಾರಾಳವಾಗಿ ತೋರಿಸು! ನಾನು ಇಲ್ಲಿ ಕಡ್ಲೆಕಾಯಿ ಸುಲೀತಾ ಕೂತಿದೀನಿ. ಬೆನ್ನು ಹಾಲಿನ ಹಾಗೆ ಆಗಿದೆ, ಕಣ್ಣಿಗೆ ಕಾಣಲ್ವಾ? ಮೈಯಲ್ಲಿರೋ ಕೊಳೆ ಹೋಗೋವಾಗ ಮೈ ಇಳಿಯುತ್ತೆ, ಊಟ ಬೇಡ ಅನ್ನಿಸುತ್ತೆ. ಆಮೇಲೆ ತಾನಾಗೇ ಹಿಡ್ಕೊಳ್ಳುತ್ತೆ."

ಅವಳು ಗೋಡೆಯ ಮೇಲಿದ್ದ ಗಂಡನ ಬೆನ್ನನ್ನು ಒಂದು ಸಲ ನೋಡಿದಳು. ಮೆಟ್ಟಿಲು ಇಳಿದು ಹೋದಳು. ಗಂಡನಿಗೆ ಹೇಳಿ ನೋಡಿದ್ದಳಂತೆ. ಅಕ್ಕ ಬೇಜಾರು ಮಾಡ್ಕೋತಾಳೆ, ಬೇಡ ಎಂದನಂತೆ ಅವನು. ಇದು ನನಗೆ ತಿಳಿದದ್ದು ಆಮೇಲೆ.

ಇಪ್ಪತ್ತೊಂದನೇ ವಾರ ಅವನು ಯಾರದೋ ಹೊಸ ಮನೆಯಲ್ಲಿ ಬಾಗಿಲು ಕೂರಿಸುತ್ತಿದ್ದಾಗ ಸ್ಟೂಲಿನಿಂದ ಬಿದ್ದ. ಎಡವಿ ಬಿದ್ದದ್ದಲ್ಲ, ಕಣ್ಣು ಕತ್ತಲೆ ಬಂದು ಬಿದ್ದದ್ದು. ಜೊತೆಯ ಕೆಲಸಗಾರರು ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಓಡಿಹೋದಾಗ ಅವನು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ಡಾಕ್ಟರಿಗೆ ತನ್ನ ಬಾಗಿಲಿನ ವಿಷಯ ಹೇಳಿ ನಗಿಸಲು ನೋಡುತ್ತಿದ್ದ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳು ನಗುತ್ತಿರಲಿಲ್ಲ.

"ಬೆನ್ನಿನ ಮೇಲೆ ಇದೇನು ಮಾಸಿದ ಗುರುತು?" ಎಂದು ಕೇಳಿದಳು.

ನಾನು ಮುಂದೆ ನುಗ್ಗಿದೆ. ಅಷ್ಟು ಹೊತ್ತಿನಲ್ಲೂ ನನ್ನ ಜಂಬ ನನ್ನನ್ನು ಬಿಡಲಿಲ್ಲ. ಫೋನು ತೆಗೆದು ಇಪ್ಪತ್ತು ವಾರದ ಫೋಟೋಗಳನ್ನು ಒಂದೊಂದಾಗಿ ಸರಿಸಿ ತೋರಿಸಿದೆ. "ನೋಡಮ್ಮ, ಹೆಂಗಿತ್ತು, ಹೆಂಗಾಗಿದೆ. ಇವನಿಗೆ ಗುಣ ಆಗ್ತಾ ಬಂದಿದೆ. ಇದು ಬರೀ ನಿಶ್ಶಕ್ತಿ."

ಅವಳು ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. ಹಿಂದಕ್ಕೆ ಸರಿಸಿದಳು, ಮುಂದಕ್ಕೆ ಸರಿಸಿದಳು. ಆಮೇಲೆ ಹೆಬ್ಬೆರಳಿಂದ ನನ್ನ ತಮ್ಮನ ಕೆಳರೆಪ್ಪೆಯನ್ನು ಎಳೆದು ನೋಡಿ, ನನಗೂ ತೋರಿಸಿದಳು. ಒಳಗೆ ಕೆಂಪೇ ಇರಲಿಲ್ಲ. ಗೋಡೆಗೆ ಬಳಿದ ಸುಣ್ಣದ ಹಾಗಿತ್ತು.

"ಗುರುತು ಬೀಳೋಕೆ ಮೈಯಲ್ಲಿ ರಕ್ತ ಇರಬೇಕಲ್ವಾಮ್ಮ" ಎಂದಳು. ಮೆತ್ತಗೇ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡು ದಿನ ಪರೀಕ್ಷೆಗಳಾದವು. ಹೊಟ್ಟೆಯಲ್ಲಿ ಗಡ್ಡೆ. ಅದು ತಿಂಗಳುಗಟ್ಟಲೆ ಒಳಗೊಳಗೇ ಹನಿಹನಿಯಾಗಿ ರಕ್ತ ಸೋರಿಸುತ್ತ ಬಂದಿತ್ತು. ಬೆನ್ನಿನ ನೋವೂ ಅದರದ್ದೇ. ಈಗ ಲಿವರಿಗೂ ಹಬ್ಬಿತ್ತು. ನಾನು ವಾರವಾರ ಖುಷಿಯಿಂದ ಫೋಟೋ ತೆಗೆದದ್ದು ಅವನ ರಕ್ತ ಬತ್ತಿದ್ದರ ಲೆಕ್ಕ. ಕೊಲೆಗಾರರೂ ಇಷ್ಟು ಅಚ್ಚುಕಟ್ಟಾಗಿ ದಾಖಲೆ ಇಡುವುದಿಲ್ಲ.

"ಐದು ತಿಂಗಳ ಹಿಂದೆ ಬಂದಿದ್ರೆ?" ಎಂದು ಕೇಳಿದ್ದು ನಾನೇ. ಕಾರಿಡಾರಿನಲ್ಲಿ ಅವನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು.

ಡಾಕ್ಟರು ಕಾಗದ ಮಡಚಿದಳು. "ಆಪರೇಷನ್ ಮಾಡಿ ನೋಡಬಹುದಿತ್ತು" ಎಂದಳು.

ಅವನ ಹೆಂಡತಿ ನನಗೆ ಒಂದು ಬೈಗುಳದ ಮಾತೂ ಆಡಲಿಲ್ಲ. ಆವತ್ತೂ ಆಡಲಿಲ್ಲ, ಆಮೇಲೂ ಇಲ್ಲ. ನನ್ನ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು, ಅತ್ತಿಗೆ ಕೂತ್ಕೊಳ್ಳಿ ಎಂದಳು. ನನ್ನ ಕೂದಲು ಹಿಡಿದು ಎಳೆದಾಡಬಾರದೇ ಎಂದು ಕಾಯುತ್ತಿದ್ದೆ. ಅವಳು ನನಗೆ ಅಷ್ಟೂ ದಯೆ ತೋರಿಸಲಿಲ್ಲ.

ಗೋಡೆಯ ಫೋಟೋಗಳನ್ನು ಕಿತ್ತುಹಾಕಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದು, ಖಾಲಿ ಗೋಡೆ ನೋಡಿ, "ಆ ಬೆನ್ನು ಎಲ್ಲಿ ಹೋಯ್ತು? ನಂಗೂ ಹಂಗೇ ಬಿಳೀ ಬರೋ ತನಕ ಬಿಡಬೇಡಿ" ಎಂದಳು. ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಗದರಿದೆ. ಮುಖ ಊದಿಸಿಕೊಂಡು ಹೋದವಳು ತಿರುಗಿ ಬರಲಿಲ್ಲ. ನಾನೂ ಬಾಗಿಲಿಗೆ ಬೀಗ ಹಾಕಿದೆ.

ತಮ್ಮನನ್ನು ಮನೆಗೆ ಕಳಿಸಿದ್ದರು. ಮಾತ್ರೆ ಬರೆದುಕೊಟ್ಟಿದ್ದರು, ನೋವಿಗೆ. ಒಂದು ಮಧ್ಯಾಹ್ನ ಅವನ ಹೆಂಡತಿ ಫೋನು ಮಾಡಿದಳು. "ಬಟ್ಟಲು ತಗೊಂಡು ಬರಬೇಕಂತೆ ಅತ್ತಿಗೆ. ನಾನು ಬೇಡ ಅಂದೆ. ಕೇಳ್ತಿಲ್ಲ."

ಹೋದೆ. ಅವನಿಗೆ ಬೋರಲು ಮಲಗಲು ಆಗುತ್ತಿರಲಿಲ್ಲ. ದಿಂಬುಗಳನ್ನು ಒಟ್ಟಿ ಅದರ ಮೇಲೆ ಒರಗಿಸಿದೆವು. ಅವನ ಹೆಂಡತಿ ಅಂಗಿ ಎತ್ತಿದಳು. ನಾನು ಕಂಬಿ ಹೊತ್ತಿಸಿ, ಉರಿ ತಿರುಗಿಸಿ, ಬಟ್ಟಲು ಇಟ್ಟೆ. ನಿಲ್ಲಲಿಲ್ಲ. ಜಾರಿ ಹಾಸಿಗೆ ಮೇಲೆ ಬಿತ್ತು. ಇನ್ನೊಂದು ಇಟ್ಟೆ, ಅದೂ ಬಿತ್ತು. ಬಟ್ಟಲು ಹಿಡಿಯಬೇಕಾದರೆ ಅದರ ಅಂಚಿಗೆ ಸುತ್ತಲೂ ಮಾಂಸ ಸಿಗಬೇಕು. ಅಲ್ಲಿ ಪಕ್ಕೆಲುಬೂ ಅದರ ನಡುವಿನ ಹಳ್ಳವೂ ಬಿಟ್ಟರೆ ಏನೂ ಇರಲಿಲ್ಲ. ಅವನ ಹೆಂಡತಿ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.

ನಾನು ಉರಿ ಆರಿಸಿ, ತಣ್ಣಗಿದ್ದ ಎರಡು ಬಟ್ಟಲುಗಳನ್ನು ಎರಡು ಕೈಯಲ್ಲಿ ಅವನ ಬೆನ್ನಿಗೆ ಒತ್ತಿ ಹಿಡಿದುಕೊಂಡೆ.

"ಎರಡೇ ಹಾಕಿದ್ಯಾ?" ದಿಂಬಿನೊಳಗಿಂದ ಕೇಳಿದ.

"ಎರಡು ಸಾಕು ಕಣೋ."

ನನಗೆ ತಡೆಯಲಾಗಲಿಲ್ಲ. "ನಾನೇ ನಿನ್ನ ಹಾಳು ಮಾಡ್ದೆ. ಬಣ್ಣ ನೋಡ್ಕೊಂಡು ಕುಣಿದೆ" ಎಂದೆ.

"ಬಣ್ಣ ನಿಂಗೆ ಕಾಣ್ತಿತ್ತು. ನೋವು ನಂಗೆ ಗೊತ್ತಿತ್ತಲ್ಲ ಅಕ್ಕ" ಎಂದ. "ಪ್ರತಿ ವಾರ ನೀನು ಎಷ್ಟು ಖುಷಿಯಾಗಿ ಕಮ್ಮಿ ಆಯ್ತು ಅಂತಿದ್ದೆ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ."

ಮೂವತ್ತು ವರ್ಷದಲ್ಲಿ ಎಷ್ಟು ಜನ ಹೀಗೆ ತಲೆಯಾಡಿಸಿ ಮೆಟ್ಟಿಲಿಳಿದು ಹೋಗಿದ್ದಾರೋ ನನಗೆ ಗೊತ್ತಿಲ್ಲ.

"ಈಗ ನೋಯ್ತಿದೆಯೇನೋ?" ಎಂದು ಕೇಳಿದೆ.

"ತುಂಬ ನೋಯ್ತಿದೆ ಅಕ್ಕ" ಎಂದ. ಎಂದವನೇ ಅಳತೊಡಗಿದ. ಚಿಕ್ಕಂದಿನಲ್ಲೂ ಅವನು ಅತ್ತದ್ದನ್ನು ನಾನು ಕಂಡದ್ದು ಕಡಿಮೆ. ಕಣ್ಣೊರೆಸೋಣವೆಂದರೆ ನನ್ನ ಎರಡು ಕೈಯೂ ಬಟ್ಟಲುಗಳ ಮೇಲಿದ್ದವು. ಕೈ ತೆಗೆದರೆ ಅವು ಬಿದ್ದುಹೋಗುತ್ತಿದ್ದವು.