ಗೇಣಿಗೊಂದು ಗಿಡ

ಮೇಸ್ತ್ರಿಯ ಬೆರಳಿಗೆ ಗಿಡ ಸಿಗಲಿಲ್ಲ, ಹಸಿ ಮಣ್ಣು ಸಿಕ್ಕಿತು. ಇನ್ನೊಂದು ಗೇಣು ಅಳೆದ. ಅಲ್ಲಿತ್ತು ಗಿಡ. ಎರಡು ಗೇಣು ದಾಟಿದರೆ ಮತ್ತೆ ಖಾಲಿ. ಈ ಸ್ಮಶಾನದ ತೋಟದಲ್ಲಿ ಇಪ್ಪತ್ತೆಂಟು ವರ್ಷದಿಂದ ಅವನು ಸಸಿ ನೆಟ್ಟದ್ದು ಗೇಣಿಗೊಂದರಂತೆ, ಅದೂ ತನ್ನದೇ ಗೇಣು. ಲೆಕ್ಕ ತಪ್ಪುವ ಮಾತೇ ಇಲ್ಲ.

"ಏನಮ್ಮಾ, ಇಲ್ಲಿದ್ದ ಗಿಡ ಎಲ್ಲಿ?"

ಪಾತಿಯ ಆಚೆ ನೀರು ಹಾಕುತ್ತಿದ್ದ ತಮ್ಮನ ಹೆಂಡತಿ ತಡವರಿಸಿದಳು. "ಹುಳ ಬಿದ್ದಿತ್ತು ಭಾವ. ಕಿತ್ತೆ."

ಅದು ನಾಯಿಹೂವಿನ ಪಾತಿ. ಕಚೇರಿಯ ಪಟ್ಟಿಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಎಂದು ಬರೆದಿದ್ದರೂ ಹಾಗೆ ಕರೆದು ನಾಲಿಗೆ ಹೊರಳಿಸುವವರು ಯಾರು? ಮೊಣಕಾಲೆತ್ತರದ ನೆಟ್ಟನೆ ಗಿಡ, ಸಪೂರ ಎಲೆ, ತುದಿಯ ಗೊಂಚಲಲ್ಲಿ ಬುಡದಿಂದ ಮೇಲಕ್ಕೆ ಒಂದೊಂದಾಗಿ ಅರಳುವ ಹೂ. ಪ್ರತಿ ಹೂವಿಗೂ ಬಿಗಿದ ತುಟಿ. ಎರಡು ಕೆನ್ನೆ ಅದುಮಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಗಿರಣಿಯ ಬೆಂಕಿಯಲ್ಲಿ ಸತ್ತವರ ಕಲ್ಲಿನ ಸುತ್ತ ಈ ಹೂವೇ ಇರಬೇಕು, ಅದೂ ಬಿಳಿ ಮಾತ್ರ. ಕಲ್ಲಿನ ಮೇಲೆ ತಮ್ಮನ ಹೆಸರೂ ಇದೆ. ನಾಳೆ ಆ ಬೆಂಕಿಯ ವರ್ಷದ ದಿನ, ಸತ್ತವರ ಮನೆಯವರೆಲ್ಲ ಬೆಳಿಗ್ಗೆಯೇ ಬರುತ್ತಾರೆ.

ಬೀಜದಲ್ಲಿ ಕೆಂಪೂ ಬಿಳಿಯೂ ಬೆರೆತಿರುತ್ತವೆ. ಸಸಿಯಲ್ಲೇ ಬೇರೆ ಮಾಡುವ ವಿದ್ಯೆ ಮೇಸ್ತ್ರಿಗೊಬ್ಬನಿಗೇ ಗೊತ್ತು. ಬೇರೆಯವರಿಗೆ ಮುಟ್ಟಲೂ ಬಿಟ್ಟವನಲ್ಲ, ಅಷ್ಟು ಜಂಬ! ಇಷ್ಟು ವರ್ಷದಲ್ಲಿ ಒಂದೇ ಒಂದು ಕೆಂಪು ಹೂವೂ ಈ ಪಾತಿಯಲ್ಲಿ ತಲೆ ಎತ್ತಿರಲಿಲ್ಲ. ಆದರೆ ಕಳೆದ ಮಳೆಗಾಲದಿಂದ ಅವನ ಕಣ್ಣ ಮುಂದೆ ಎಲ್ಲವೂ ಮಸುಕು, ಬೂದಿಬಣ್ಣ. ಈ ಸಲ ಸಸಿ ಆರಿಸುವಾಗ ಅಂದಾಜಿನ ಮೇಲೆ ಕೈ ಓಡಿಸಿದ್ದ. ಯಾರಿಗೂ ಹೇಳಿರಲಿಲ್ಲ.

"ಎಷ್ಟು ಕಿತ್ತೆ?"

"ಮೂರೋ ನಾಲ್ಕೋ..."

"ನನ್ನ ಹತ್ರ ಸುಳ್ಳು ಹೇಳ್ಬೇಡ."

"ಹನ್ನೊಂದು." ನೀರಿನ ಡಬ್ಬ ಕೆಳಗಿಟ್ಟಳು. "ದಿನಾ ನೀವು ಬರೋ ಮುಂಚೆ ನೋಡಿ ಕೀಳ್ತಿದ್ದೆ. ಕಚೇರಿ ಸಾಹೇಬ್ರ ಕಣ್ಣಿಗೆ ಬಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಾರೆ ಅಂತ ಹೆದರಿಕೆ ಆಯ್ತು."

ಮೇಸ್ತ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇವಳಿಗೆ ಗುದ್ದಲಿ ಹಿಡಿಯಲು ಕಲಿಸಿದವನೇ ಅವನು. "ಕಿತ್ತಿದ್ದೆಲ್ಲ ಎಲ್ಲಿ?"

"ಶೆಡ್ ಹಿಂದೆ, ಬಕೆಟ್‌ನಲ್ಲಿ. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಒಂದನ್ನು ತಂದುಕೊಟ್ಟಳು. ಮೇಸ್ತ್ರಿ ಹೂವಿನ ಕೆನ್ನೆ ಅದುಮಿದ. ಬಾಯಿ ತೆರೆಯಿತು. ಚಿಕ್ಕಂದಿನಲ್ಲಿ ತಮ್ಮ ಹೀಗೇ ಹೂವಿನ ಬಾಯಿ ಆಡಿಸಿ, ಅಣ್ಣನ ದನಿಯಲ್ಲೇ ಅಣ್ಣನನ್ನು ಬೈಯುತ್ತಿದ್ದ.

"ತುಂಬಾ ಕೆಂಪಾ?"

"ತುಂಬಾ, ಭಾವ." ಅವಳು ಮೂಗು ಒರೆಸಿಕೊಂಡಳು.

ಹನ್ನೊಂದು ಗುಳಿ ತುಂಬಬೇಕಿತ್ತು. ಮಿಕ್ಕ ಸಸಿಗಳು ಕುಂಡದಲ್ಲಿದ್ದವು, ಆದರೆ ಎಲ್ಲ ಇನ್ನೂ ಹಸಿರು ಮೊಗ್ಗು. ಬಿಳಿ ಯಾವುದು, ಕೆಂಪು ಯಾವುದು ಎಂದು ಅರಳುವ ಮೊದಲೇ ಹೇಳಬಲ್ಲವನಿಗೆ ಕಣ್ಣಿರಲಿಲ್ಲ, ಕಣ್ಣಿದ್ದವಳಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಸ್ವಲ್ಪ ಹೊತ್ತು ಮಣ್ಣು ಪುಡಿಮಾಡುತ್ತ ಕೂತ.

"ನನಗೆ ಕಣ್ಣು ಕಾಣಲ್ಲಮ್ಮ," ಎಂದ. "ಕುಂಡ ತಗೊಂಬಾ. ಕಾಂಡದ ಬುಡ ನೋಡು. ಕೆಂಪು ಛಾಯೆ ಇದ್ರೆ ಹೂವೂ ಕೆಂಪು. ಬರೀ ಹಸಿರಿದ್ರೆ ಬಿಳಿ."

"ಇಷ್ಟೇನಾ!"

"ಇಷ್ಟೇ. ಇದಕ್ಕೇ ಇಷ್ಟು ವರ್ಷ ಮೆರೆದೆ."

ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. "ಇದು ಹಸಿರು. ಇದರಲ್ಲಿ ಸ್ವಲ್ಪ ಕೆಂಪಿದೆ."

"ಬದಿಗಿಡು."

ಹತ್ತು ಗಿಡ ನೆಟ್ಟಾಯಿತು. ಕೊನೆಯದು ಕಲ್ಲಿನ ಬುಡದಲ್ಲಿ, ತಮ್ಮನ ಹೆಸರಿನ ಕೆಳಗೆ. ಮೇಸ್ತ್ರಿ ಅಭ್ಯಾಸಬಲದಿಂದ ಒದ್ದೆ ಮಣ್ಣಿನ ಮೇಲೆ ಗೇಣು ಹಾಕಿ, ಕೈ ಹಿಂದೆ ತೆಗೆದುಕೊಂಡ.

"ನೀನೇ ಅಳೆ."

ಅವಳು ಮಣ್ಣಿನಲ್ಲಿ ಮೂಡಿದ್ದ ಅವನ ಕೈಯ ಗುರುತಿನ ಮೇಲೆಯೇ ತನ್ನ ಕೈಯಿಟ್ಟಳು. ಕಿರುಬೆರಳು ಗುರುತಿನ ತುದಿ ಮುಟ್ಟಲಿಲ್ಲ.

"ನನ್ನ ಗೇಣು ಸಣ್ಣದು, ಭಾವ."

"ಹಾಗಾದ್ರೆ ಮುಂದಿನ ವರ್ಷ ಸಸಿ ಜಾಸ್ತಿ ಬೇಕಾಗುತ್ತೆ," ಎಂದ ಮೇಸ್ತ್ರಿ.